ಹೆಸರಿಲ್ಲದ ಬ್ಯಾಂಡ್: ಕನ್ನಡದ ಫಂಕ್ ಬಾರಿಸಿದವರು ಯಾರು?

ಕನ್ನಡದಲ್ಲಿ ಫಂಕ್ ಬ್ಯಾಂಡ್ ಇತ್ತಾ ಅಂತ ಯಾರಾದರೂ ಕೇಳಿದರೆ ನಾನು ಇತ್ತು ಅಂತಲೇ ಹೇಳುತ್ತೇನೆ. 1960ರ ದಶಕದ ಕೊನೆಯಿಂದ 80ರ ದಶಕದ ಶುರುವಿನ ತನಕ ಅದು ಮದ್ರಾಸಿನ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಕೂತು ನುಡಿಸಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಟಾಕೀಸುಗಳಲ್ಲಿ ನಮ್ಮ ಅಪ್ಪ-ಅಮ್ಮಂದಿರು ಅದನ್ನು ಕೇಳಿದರು. ಅದಕ್ಕೆ ಹೆಸರೊಂದು ಇರಲಿಲ್ಲ, ಅಷ್ಟೆ. ಟೈಟಲ್ ಕಾರ್ಡಿನಲ್ಲಿ 'ಸಂಗೀತ: ಜಿ.ಕೆ. ವೆಂಕಟೇಶ್' ಅಂತ ಬರುತ್ತಿತ್ತಲ್ಲ, ಆ ಒಂದು ಸಾಲಿನ ಹಿಂದೆ ಇಡೀ ಬ್ಯಾಂಡ್ ಕೂತಿತ್ತು.

ನಾನು ಆ ಬ್ಯಾಂಡಿನ ಅಭಿಮಾನಿ. ಫಂಕ್ ಅಂದರೇನು, ಅದು ಕನ್ನಡಕ್ಕೆ ಯಾವ ದಾರಿಯಲ್ಲಿ ಬಂತು, ಯಾವುದನ್ನು ಕೇಳಬೇಕು ಅನ್ನೋದನ್ನು ಗೊತ್ತಿಲ್ಲದವರಿಗೆ ಹೇಳೋಣ ಅಂತ ಬರೆಯುತ್ತಿದ್ದೇನೆ. ಜೊತೆಗೊಂದು ತಕರಾರೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಏಟು

ಫಂಕ್ ಹುಟ್ಟಿದ್ದು ಅಮೆರಿಕದ ಕಪ್ಪು ಜನರ ನಡುವೆ, 1960ರ ದಶಕದ ಮಧ್ಯಭಾಗದಲ್ಲಿ. ಜೇಮ್ಸ್ ಬ್ರೌನ್ 1965ರಲ್ಲಿ 'ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್', 1967ರಲ್ಲಿ 'ಕೋಲ್ಡ್ ಸ್ವೆಟ್' ಹಾಡುಗಳನ್ನು ತಂದಾಗ ಒಂದು ಲೆಕ್ಕಾಚಾರ ತಲೆಕೆಳಗಾಯಿತು. ಅಲ್ಲಿಯವರೆಗೆ ಅಲ್ಲಿನ ಜನಪ್ರಿಯ ಹಾಡುಗಳಲ್ಲಿ ನಾಲ್ಕು ಮಾತ್ರೆಗಳ ಪೈಕಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಒತ್ತು ಬೀಳುತ್ತಿತ್ತು. ಬ್ರೌನ್ ಒತ್ತನ್ನೆಲ್ಲ ಮೊದಲನೆಯದರ ಮೇಲೆ ಹಾಕಿದರು. ಅವರ ವಾದ್ಯಗಾರರ ಭಾಷೆಯಲ್ಲಿ ಅದು 'ದ ಒನ್'. ತಾಳ ಗೊತ್ತಿರುವ ನಮ್ಮವರು ಇದನ್ನು ಸಮ ಅಂತಾರೆ.

ಇದರಿಂದ ಆದ ದೊಡ್ಡ ಬದಲಾವಣೆ ಏನಪ್ಪಾ ಅಂದರೆ, ಎಲ್ಲ ವಾದ್ಯಗಳೂ ಡ್ರಮ್ ಆಗಿಬಿಟ್ಟವು. ಗಿಟಾರ್ ರಾಗ ನುಡಿಸೋದು ಬಿಟ್ಟು ಚಕ್-ಚಕ್ ಅಂತ ಕತ್ತರಿಸತೊಡಗಿತು. ಟ್ರಂಪೆಟ್, ಸ್ಯಾಕ್ಸೊಫೋನ್ ಉದ್ದ ಎಳೆಯೋದು ಬಿಟ್ಟು ಏಟು ಕೊಡತೊಡಗಿದವು. ಗಾಯಕನ ಕಂಠ ಕೂಡ ಕೂಗು, ಉಸಿರು, ಗುಟುಕು ಆಯಿತು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದ ಕೆಲವೇ ತಿಂಗಳಿಗೆ ಬ್ರೌನ್ 'ಸೇ ಇಟ್ ಲೌಡ್' ಹಾಡಿದಾಗ, ಕಪ್ಪು ಜನರ ಸ್ವಾಭಿಮಾನದ ಘೋಷಣೆಗೆ ಹೊಂದುವ ತಾಳ ಆಗಲೇ ತಯಾರಾಗಿ ಕೂತಿತ್ತು.

ಇನ್ನೊಂದು ಬ್ಯಾಂಡಿನ ವಿಷಯ ಹೇಳಲೇಬೇಕು. ಸ್ಯಾನ್‌ಫ್ರಾನ್ಸಿಸ್ಕೋದ 'ಸ್ಲೈ ಅಂಡ್ ದಿ ಫ್ಯಾಮಿಲಿ ಸ್ಟೋನ್'. ಕಪ್ಪು-ಬಿಳಿ ಜನ, ಗಂಡಸರು-ಹೆಂಗಸರು ಒಟ್ಟಿಗೆ ನಿಂತು ನುಡಿಸಿದ ತಂಡ. ಹೆಂಗಸರು ಹಿಂದೆ ನಿಂತು ಕೋರಸ್ ಹಾಡಿದ್ದಲ್ಲ. ಸಿಂಥಿಯಾ ರಾಬಿನ್ಸನ್ ಟ್ರಂಪೆಟ್ ಊದುತ್ತಿದ್ದರು. ಅದರ ಬಾಸ್ ಗಿಟಾರ್ ವಾದಕ ಲ್ಯಾರಿ ಗ್ರಹಾಂ ಚಿಕ್ಕವಯಸ್ಸಿನಲ್ಲಿ ತಾಯಿಯ ಜೊತೆ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು. ಜೊತೆಗೆ ಡ್ರಮ್ಮರ್ ಇರಲಿಲ್ಲ. ಆ ಕೊರತೆ ತುಂಬಿಸೋಕೆ ಅವರು ಹೆಬ್ಬೆರಳಿನಿಂದ ತಂತಿಗೆ ಗುದ್ದಿದರು, ಇನ್ನೊಂದು ಬೆರಳಲ್ಲಿ ತಂತಿ ಎಳೆದು ಬಿಟ್ಟರು. ಗುದ್ದಿದ್ದು ದೊಡ್ಡ ಡ್ರಮ್ಮಿನ ಸದ್ದು, ಎಳೆದದ್ದು ಸಣ್ಣ ಡ್ರಮ್ಮಿನ ಸದ್ದು. ಇವತ್ತು ಜಗತ್ತಿನ ಎಲ್ಲ ಬಾಸ್ ವಾದಕರೂ ಕಲಿಯುವ 'ಸ್ಲ್ಯಾಪ್' ಅಂದರೆ ಇದೇ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ತಮಟೆ. ತಮಟೆ ಬಾರಿಸುವವರ ಕೈ ನೋಡಿದ್ದೀರಲ್ಲ? ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಕಡ್ಡಿ. ದಪ್ಪ ಕೋಲು ಗುದ್ದುತ್ತದೆ, ತೆಳು ಕಡ್ಡಿ ಚಟಚಟ ಅನ್ನುತ್ತದೆ. ಬಾರಿಸುವ ಮುಂಚೆ ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸಿ ಶ್ರುತಿ ಮಾಡಿಕೊಳ್ಳುತ್ತಾರೆ. ಹಾಸನ ಸೀಮೆಯಲ್ಲಿ ಹುಟ್ಟಿದವರಿಗೆ ಮೆರವಣಿಗೆಯಲ್ಲಿ ಈ ಏಟು ಎದೆಗೆ ತಾಗಿದ ಅನುಭವ ಇದ್ದೇ ಇರುತ್ತದೆ. ಫಂಕ್ ಕೇಳೋಕೆ ಬೇಕಾದ ಕಿವಿ ನಮಗೆ ಊರಲ್ಲೇ ಸಿಕ್ಕಿದೆ ಅಂತ ನಾನು ನಂಬಿರುವುದು ಇದಕ್ಕೇ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಎರಡರಲ್ಲೂ ತಾಳವೇ ಯಜಮಾನ.

ಪಕ್ಕದಲ್ಲಿ ಕೂತವರು

ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಡದ ರುದ್ರಪಟ್ಟಣ ಇದೆ. ಕರ್ನಾಟಕ ಸಂಗೀತದವರಿಗೆ ಇದು ದೊಡ್ಡ ಹೆಸರು. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ, ಎಲ್ಲರೂ ಈ ಊರಿನ ಬೇರಿನವರು. ಒಂದು ಸಣ್ಣ ಹಳ್ಳಿಯ ಹೆಸರು ಇಷ್ಟೊಂದು ವಿದ್ವಾಂಸರ ಹೆಸರಿನ ಮುಂದೆ 'ಆರ್' ಆಗಿ ಕೂತು ದೇಶ ಸುತ್ತಿದೆ. ಹೆಮ್ಮೆಯ ವಿಷಯವೇ. ನಾನೂ ಹೋಗಿ ಕೇಳಿದ್ದೇನೆ, ಖುಷಿಪಟ್ಟಿದ್ದೇನೆ.

ಆದರೆ ಆ ಪದ್ಧತಿಯ ಒಂದು ಪದ ನನ್ನನ್ನು ಕಾಡುತ್ತದೆ: ಪಕ್ಕವಾದ್ಯ. ಮೃದಂಗ, ಪಿಟೀಲು, ಘಟ ಎಲ್ಲವೂ ಪಕ್ಕದವು, ಹಾಡುವವರು ನಡುವೆ. ಎಷ್ಟೇ ದೊಡ್ಡ ಮೃದಂಗ ವಿದ್ವಾಂಸರಾದರೂ ಕಛೇರಿ ಗಾಯಕರ ಹೆಸರಲ್ಲಿ. ಆದರೂ ಪಕ್ಕವಾದ್ಯದವರ ಹೆಸರು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಕಛೇರಿ ಮುಗಿದ ಮೇಲೆ ಶಾಲೂ ಹೊದಿಸುತ್ತಾರೆ. ತಮಟೆಯವರಿಗೆ ಅದೂ ಇಲ್ಲ. ದೇವರ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವರು ಅವರು. ದೇವಸ್ಥಾನದ ಬಾಗಿಲು ಬಂದಾಗ ಆಚೆ ನಿಲ್ಲುವವರೂ ಅವರೇ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದೊಳಗೆ ಹೋದರು ಅನ್ನೋ ಕಾರಣಕ್ಕೆ ದಂಡ ಹಾಕಿದ ಸುದ್ದಿ 2015ರದ್ದು. ತುಂಬಾ ಹಳೇ ಕಥೆಯೇನಲ್ಲ.

ಫಂಕ್ ಅನ್ನು ನಾನು ಇಷ್ಟಪಡೋದು ಅದರಲ್ಲಿ ಪಕ್ಕವಾದ್ಯ ಅನ್ನೋದೇ ಇಲ್ಲ ಅಂತ. ಜೇಮ್ಸ್ ಬ್ರೌನ್ ಕಟ್ಟುನಿಟ್ಟಿನ ಮನುಷ್ಯ, ತಪ್ಪು ನುಡಿಸಿದವರಿಗೆ ದಂಡ ಹಾಕುತ್ತಿದ್ದವರು. ಅಂಥವರೂ ಹಾಡಿನ ನಡುವೆ ಎಲ್ಲರನ್ನೂ ಸುಮ್ಮನಿರಿಸಿ ಡ್ರಮ್ಮರ್‌ಗೆ ಜಾಗ ಬಿಟ್ಟುಕೊಡುತ್ತಿದ್ದರು.

ವೆಂಕಟೇಶರ ಕೋಣೆ

ಈಗ ಕನ್ನಡಕ್ಕೆ ಬರೋಣ. ಜಿ.ಕೆ. ವೆಂಕಟೇಶ್ (1927–1993) ಅಂದ ತಕ್ಷಣ 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ನೆನಪಾಗುತ್ತವೆ, ಮಾಧುರ್ಯ ಅನ್ನೋ ಪದ ಬಾಯಿಗೆ ಬರುತ್ತದೆ. ನನಗೆ ಬೇಕಾದ ವೆಂಕಟೇಶ್ ಬೇರೆ. 1968ರಲ್ಲಿ ದೊರೈ-ಭಗವಾನ್ 'ಜೇಡರ ಬಲೆ' ತೆಗೆದರು. ಕನ್ನಡಕ್ಕೆ ಬಾಂಡ್ ಮಾದರಿಯ ಪತ್ತೇದಾರ ಬಂದ, ರಾಜಕುಮಾರ್ ಸಿಐಡಿ 999 ಆದರು. ಆಮೇಲೆ 'ಗೋವಾದಲ್ಲಿ ಸಿಐಡಿ 999', 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರ‍್ಯಾಕೆಟ್'. ನಾಲ್ಕಕ್ಕೂ ವೆಂಕಟೇಶರದೇ ಸಂಗೀತ.

ಈ ನಾಲ್ಕನ್ನು ಸಾಲಾಗಿ ಕೇಳಿದರೆ ಹತ್ತು ವರ್ಷದಲ್ಲಿ ಜಗತ್ತಿನ ತಾಳ ಹೇಗೆ ಬದಲಾಯಿತು ಅನ್ನೋದು ಕನ್ನಡದಲ್ಲೇ ಗೊತ್ತಾಗುತ್ತದೆ. ಮೊದಲಿನವುಗಳಲ್ಲಿ ಕ್ಲಬ್ಬು-ಜಾಝ್ ಗಾಳಿ; ಕೊನೆಯದಕ್ಕೆ ಬರುವಷ್ಟರಲ್ಲಿ ಫಂಕ್ ಮತ್ತು ಡಿಸ್ಕೊ. ರಾಜಕುಮಾರ್ ಇಂಗ್ಲಿಷಿನಲ್ಲಿ ಹಾಡಿದ 'ಇಫ್ ಯು ಕಮ್ ಟುಡೇ' ಇದೇ ಚಿತ್ರದ್ದು. ಇವತ್ತು ಮೀಮ್‌ಗಳಲ್ಲಿ ನಗೋಕೆ ಬಳಸುತ್ತಾರೆ. ನಗಿ, ಪರವಾಗಿಲ್ಲ. ಆಮೇಲೆ ಒಂದು ಸಲ ಕಣ್ಣು ಮುಚ್ಚಿ ಕೇಳಿ. ಗಡಿಯಾರದ ಟಿಕ್-ಟಿಕ್ ಸದ್ದನ್ನು ರಾಜಕುಮಾರ್ ಬಾಯಲ್ಲೇ ತಾಳ ಮಾಡಿಬಿಡುತ್ತಾರೆ. ಆಲಾಪ, ಗಮಕ, ರಂಗಗೀತೆಯ ಗಟ್ಟಿ ಕಂಠ, ಎಲ್ಲವನ್ನೂ ಪಕ್ಕಕ್ಕಿಟ್ಟು ಒಬ್ಬ ಮಹಾ ಗಾಯಕ ಡ್ರಮ್ಮರ್ ಜೊತೆ ಡ್ರಮ್ಮರ್ ಆಗಿ ಕೂರುತ್ತಾರೆ. ಹಿಂದಿನ ವರ್ಷವಷ್ಟೇ, 1977ರಲ್ಲಿ, ಇದೇ ವೆಂಕಟೇಶ್-ರಾಜಕುಮಾರ್ ಜೋಡಿ 'ಸನಾದಿ ಅಪ್ಪಣ್ಣ' ಮಾಡಿತ್ತು. ಅದರಲ್ಲಿ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಒಂದು ವರ್ಷದ ಅಂತರದಲ್ಲಿ ಬನಾರಸಿನ ಶಹನಾಯಿ, ಮತ್ತೆ ಈ ಟಿಕ್-ಟಿಕ್. ಇಷ್ಟು ಅಗಲದ ಸಂಗೀತ ನಿರ್ದೇಶಕರನ್ನು ನಾವು ಬರೀ 'ಮಾಧುರ್ಯ' ಅನ್ನೋ ಡಬ್ಬಿಯೊಳಗೆ ಹಾಕಿಟ್ಟಿದ್ದೇವೆ.

ಇಲ್ಲಿ ನನಗೊಂದು ಕಿರಿಕಿರಿ ಇದೆ. ಕಪ್ಪು ಜನ ತಲೆಯೆತ್ತಿ ನಡೆಯೋಕೆ ಕಟ್ಟಿಕೊಂಡ ಸಂಗೀತ ನಮ್ಮ ಸಿನಿಮಾಕ್ಕೆ ಬಂದಾಗ ಅದಕ್ಕೆ ಸಿಕ್ಕ ಜಾಗ ಯಾವುದು? ಖಳನಾಯಕನ ಅಡ್ಡೆ, ಕ್ಯಾಬರೆ, ಕಳ್ಳಸಾಗಾಣಿಕೆಯ ಹಡಗು. ಒಳ್ಳೆಯ ಹೆಣ್ಣುಮಗಳು ಬಂದರೆ ವೀಣೆ, ಕೊಳಲು. 'ಕೆಟ್ಟ' ಹೆಣ್ಣುಮಗಳು ಬಂದರೆ ಬಾಂಗೊ, ಬಾಸ್ ಗಿಟಾರ್. ತಾಳ ಜೋರಾದರೆ ನಡತೆ ಸರಿಯಿಲ್ಲ ಅಂತ ಅರ್ಥ! ದಕ್ಷಿಣದ ಸಿನಿಮಾಗಳಲ್ಲಿ ಇಂಥ ಹಾಡುಗಳಿಗೆ ಎಲ್.ಆರ್. ಈಶ್ವರಿ ಅವರ ಕಂಠವನ್ನು ಕಾಯ್ದಿರಿಸಿಬಿಟ್ಟಿದ್ದರು. ಅದ್ಭುತ ಗಾಯಕಿ. ತಮಟೆ ಊರಾಚೆಯದು, ವೀಣೆ ಒಳಮನೆಯದು ಅನ್ನೋ ಹಳೇ ಲೆಕ್ಕವೇ ಪ್ಯಾಂಟು-ಕೋಟು ಹಾಕಿಕೊಂಡು ಪರದೆ ಮೇಲೆ ಬಂದಿತ್ತು.

ಆ ಕೋಣೆಯಲ್ಲಿ ಕೂತಿದ್ದವರಲ್ಲಿ ಇಬ್ಬರ ಹೆಸರು ನಮಗೆ ಗೊತ್ತು, ಯಾಕಂದರೆ ಅವರು ಮುಂದೆ ತಾವೇ ಸಂಗೀತ ನಿರ್ದೇಶಕರಾದರು. ಒಬ್ಬರು ಇಳಯರಾಜ. ಥೇಣಿ ಕಡೆಯ ಪಣ್ಣೈಪುರಂನ ದಲಿತ ಕುಟುಂಬದಿಂದ ಬಂದವರು. ಅಣ್ಣ ಪಾವಲರ್ ವರದರಾಜನ್ ಕಟ್ಟಿದ್ದ ತಂಡದಲ್ಲಿ ಕಮ್ಯುನಿಸ್ಟ್ ಪಕ್ಷದ ಸಭೆಗಳಿಗೆ ಹಾಡುತ್ತಾ ಊರೂರು ಸುತ್ತಿದವರು. ಮದ್ರಾಸಿಗೆ ಬಂದು ವೆಂಕಟೇಶರ ಹತ್ತಿರ ಗಿಟಾರ್, ಆರ್ಗನ್ ನುಡಿಸುತ್ತಾ ಸಹಾಯಕರಾಗಿ ದುಡಿದರು. ಆ ವರ್ಷಗಳ ಕೆಲಸದಲ್ಲಿ ಹೆಚ್ಚಿನದು ಕನ್ನಡ ಚಿತ್ರಗಳದ್ದೇ. ನೆನಪಿಡಿ, 1976ರ 'ಅನ್ನಕಿಳಿ'ಯಿಂದ ತಮಿಳುನಾಡು ಅವರನ್ನು ಕಂಡುಕೊಳ್ಳುವ ಮುಂಚೆಯೇ ಅವರ ಕೈಬೆರಳು ನಮ್ಮ ಹಾಡುಗಳ ಒಳಗಿತ್ತು.

ಆ ಕೈ ಕನ್ನಡದಲ್ಲಿ ತನ್ನದೇ ಹೆಸರಿನಲ್ಲಿ ಅರಳಿದ್ದು 1981ರ 'ಗೀತಾ'ದಲ್ಲಿ. ಶಂಕರ್‌ನಾಗ್ ನಿರ್ದೇಶನ, ಚಿ. ಉದಯಶಂಕರ್ ಸಾಹಿತ್ಯ. 'ಜೊತೆಯಲಿ' ಎಲ್ಲರಿಗೂ ಗೊತ್ತು, ಆರ್. ಬಾಲ್ಕಿ ಅವರ 'ಚೀನಿ ಕಮ್' (2007) ಮೂಲಕ ಹಿಂದಿಯವರಿಗೂ ಗೊತ್ತಾಯಿತು. ನನ್ನ ಹಾಡು 'ಸಂತೋಷಕ್ಕೆ'. ಹೊರಗೆ ಡಿಸ್ಕೊ ಅಂಗಿ, ಒಳಗೆ ಫಂಕ್ ಎದೆಬಡಿತ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರನ್ನು ಸ್ವಲ್ಪ ಹೊತ್ತು ಮರೆತು ಬಾಸ್ ಗಿಟಾರನ್ನು ಮಾತ್ರ ಹಿಂಬಾಲಿಸಿ. ಅದು ಗಾಯಕನ ಹಿಂದೆ ಬರುತ್ತಿಲ್ಲ, ಪಕ್ಕದಲ್ಲಿ ತನ್ನದೇ ಮಾತಾಡುತ್ತಾ ಓಡುತ್ತಿದೆ. ನಾನು ಈ ಹಾಡನ್ನು ನೂರು ಸಲ ಕೇಳಿದ್ದೇನೆ ಅಂದರೆ ಐವತ್ತು ಸಲ ಬರೀ ಬಾಸ್ ಕೇಳಿದ್ದೇನೆ.

ಇನ್ನೂ ಮುಖ್ಯವಾದದ್ದು, ಇಲ್ಲಿ ಈ ತಾಳ ಖಳನಾಯಕನದಲ್ಲ. ನಾಯಕನದು, ಪ್ರೀತಿಸುವವನದು, ಖುಷಿಯದು. ಅಡ್ಡೆಯಿಂದ ಬೀದಿಗೆ ಬಂದಿದೆ. ಶಂಕರ್‌ನಾಗ್ ಹೋಗಿ (1990) ಮೂರೂವರೆ ದಶಕ ಆದರೂ ಹಾಸನದ ಆಟೋಗಳ ಹಿಂದೆ ಅವರ ಚಿತ್ರ ಇರೋದಕ್ಕೆ 'ಆಟೋ ರಾಜ' ಒಂದು ಕಾರಣ. ನನ್ನ ಪ್ರಕಾರ ಈ ಹಾಡೂ ಒಂದು ಕಾರಣ.

ಕೋಣೆಯಿಂದ ಚನ್ನರಾಯಪಟ್ಟಣಕ್ಕೆ

ವೆಂಕಟೇಶರ ಇನ್ನೊಬ್ಬ ಸಹಾಯಕರು ಎಲ್. ವೈದ್ಯನಾಥನ್. ಪಿಟೀಲಿನ ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಅವರ ಅಣ್ಣ. 'ಮಾಲ್ಗುಡಿ ಡೇಸ್' ಧಾರಾವಾಹಿಯ ಆ ತಾನನ-ತಾನನ ಅವರದ್ದು. ಇವರು ಕನ್ನಡದಲ್ಲಿ ಜೋಡಿಯಾದದ್ದು ನಮ್ಮ ಜಿಲ್ಲೆಯವರ ಜೊತೆ: ಸಿ. ಅಶ್ವತ್ಥ್, 1939ರಲ್ಲಿ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು, ಬೆಂಗಳೂರಿನ ಐಟಿಐನಲ್ಲಿ ನೌಕರಿ ಮಾಡಿಕೊಂಡೇ ಹಾಡಿದವರು. 'ಅಶ್ವಥ್-ವೈದಿ' ಅನ್ನೋ ಹೆಸರು ಹಲವು ಚಿತ್ರಗಳಲ್ಲಿದೆ.

ಅಶ್ವತ್ಥ್ ಫಂಕ್ ಹಾಡಿದರು ಅಂತ ಹೇಳಿದರೆ ನೀವು ನನ್ನನ್ನು ಹೊಡೆಯುತ್ತೀರಿ. ಆದರೆ ಭಾವಗೀತೆಗೆ ಅವರು ಮಾಡಿದ್ದು ಅದೇ ಜಾತಿಯ ಕೆಲಸ. ಅವರಿಗೆ ಮುಂಚೆ ನಮ್ಮ ಭಾವಗೀತೆ ಹೆಚ್ಚಾಗಿ ಹಾರ್ಮೋನಿಯಂ ಮುಂದೆ ಕೂತು, ತಗ್ಗಿದ ದನಿಯಲ್ಲಿ ಹಾಡುವಂಥದ್ದು. ಅವರು ನಿಂತು ಹಾಡಿದರು, ಕೂಗಿ ಹಾಡಿದರು. ಪದಗಳನ್ನು ಕಚ್ಚಿ ಉಗುಳಿದಂತೆ ಹಾಡಿದರು. ಶಿಶುನಾಳ ಶರೀಫರ 'ಕೋಡಗನ ಕೋಳಿ ನುಂಗಿತ್ತ' ತಗೊಳ್ಳಿ. ಸಾಲಿನ ಭಾರವೆಲ್ಲ ಮೊದಲ ಏಟಿನ ಮೇಲೆ ಬೀಳುತ್ತದೆ, ಉಳಿದದ್ದು ಅದರ ಸುತ್ತ ಕುಣಿಯುತ್ತದೆ. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆದಾಗ ಕವಿತೆ ಕೇಳೋಕೆ ಅಂತ ಮೈದಾನ ತುಂಬಿತ್ತು. ಬೇಂದ್ರೆ-ಕುವೆಂಪು-ಶರೀಫರ ಪದಗಳಿಗೆ. ಅದನ್ನು ಗಲಾಟೆ ಅಂದ ಶುದ್ಧ ಸಂಗೀತದವರ ಮಾತು ನಾನೂ ಕೇಳಿದ್ದೇನೆ. ತಾಳ ಜೋರಾದರೆ ಮರ್ಯಾದೆ ಕಮ್ಮಿ ಅನ್ನೋ ಆ ಹಳೇ ಮಾತೇ.

ತಕರಾರು

ಇಷ್ಟೆಲ್ಲ ಹೆಸರು ಹೇಳಿದೆನಲ್ಲ, ಎಲ್ಲರೂ ನಿರ್ದೇಶಕರು, ಗಾಯಕರು, ಕವಿಗಳು. 'ಡೈಮಂಡ್ ರ‍್ಯಾಕೆಟ್'ನಲ್ಲಿ ಡ್ರಮ್ ಬಾರಿಸಿದ್ದು ಯಾರು? ಕ್ಯಾಸೆಟ್ ಕವರ್ ನೋಡಿ, ಇಲ್ಲ. ಇವತ್ತಿನ ಆ್ಯಪ್‌ಗಳಲ್ಲಿ ನೋಡಿ, ಇಲ್ಲ. ಸ್ಟುಡಿಯೋಗೆ ಬಂದರು, ಬಾರಿಸಿದರು, ಆ ದಿನದ ಸಂಭಾವನೆ ತಗೊಂಡು ಹೋದರು. ಹಾಡು ಐವತ್ತು ವರ್ಷವಾದರೂ ದುಡಿಯುತ್ತಲೇ ಇದೆ.

ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. ಜೇಮ್ಸ್ ಬ್ರೌನ್ ತಂಡದ ಕ್ಲೈಡ್ ಸ್ಟಬಲ್‌ಫೀಲ್ಡ್ 'ಫಂಕಿ ಡ್ರಮ್ಮರ್'ನಲ್ಲಿ (1970) ಬಾರಿಸಿದ ಕೆಲವೇ ಸೆಕೆಂಡುಗಳ ತಾಳವನ್ನು ಕತ್ತರಿಸಿ ರ‍್ಯಾಪ್ ಸಂಗೀತದವರು ನೂರಾರು ಹಾಡು ಕಟ್ಟಿದರು. ಪಬ್ಲಿಕ್ ಎನಿಮಿಯ 'ಫೈಟ್ ದ ಪವರ್' (1989) ಅದರಲ್ಲೊಂದು. ಹಾಡಿನ ಕರ್ತೃವಾಗಿ ದಾಖಲೆಯಲ್ಲಿ ಇದ್ದದ್ದು ಬ್ರೌನ್ ಹೆಸರು. ತಾಳ ಹುಟ್ಟಿಸಿದ ಸ್ಟಬಲ್‌ಫೀಲ್ಡ್‌ಗೆ ರಾಯಲ್ಟಿಯ ಹಕ್ಕಿರಲಿಲ್ಲ. 2017ರಲ್ಲಿ ತೀರಿಕೊಂಡರು. ರಾಗ ಕಟ್ಟಿದವನು ಕರ್ತೃ, ತಾಳ ಕಟ್ಟಿದವನು ಕೂಲಿ ಅನ್ನೋ ಲೆಕ್ಕ ಅಲ್ಲಿಯ ಕಾನೂನಿನಲ್ಲೂ ಕೂತಿದೆ.

ನಮ್ಮ ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಸಂಗೀತ ನಿರ್ದೇಶಕರಿಗೆ, ಗೀತಸಾಹಿತಿಗಳಿಗೆ ರಾಯಲ್ಟಿಯ ಗಟ್ಟಿ ಹಕ್ಕು ಸಿಕ್ಕಿತು. ಒಳ್ಳೆಯದೇ. 'ಪ್ರದರ್ಶಕ' ಅನ್ನುವ ಪದದ ವ್ಯಾಖ್ಯೆಯಲ್ಲಿ ವಾದ್ಯಗಾರರೂ ಇದ್ದಾರೆ. ಆದರೆ ಅದೇ ತಿದ್ದುಪಡಿ ಒಂದು ಬಾಲ ಸೇರಿಸಿತು: ಸಿನಿಮಾದಲ್ಲಿ ಯಾರ ಪಾತ್ರ ಸಾಂದರ್ಭಿಕ ಮಾತ್ರವೋ, ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಟೈಟಲ್‌ನಲ್ಲಿ ಹಾಕುವುದಿಲ್ಲವೋ, ಅವರು, ಒಂದು ಸಣ್ಣ ವಿನಾಯಿತಿ ಬಿಟ್ಟರೆ, ಪ್ರದರ್ಶಕರಲ್ಲ. ಹಾಡಿನುದ್ದಕ್ಕೂ ಬಾರಿಸಿದ ಡ್ರಮ್ಮರ್‌ನನ್ನು 'ಸಾಂದರ್ಭಿಕ' ಅನ್ನೋಕಾಗಲ್ಲ ಅನ್ನೋದು ನನ್ನ ವಾದ. ಆದರೆ ಹೆಸರೇ ಇಲ್ಲದವನು ಅದನ್ನು ಯಾರ ಮುಂದೆ ಹೋಗಿ ವಾದಿಸಬೇಕು? ಹೆಸರು ಹಾಕದಿರುವುದು ರೂಢಿ. ಆ ರೂಢಿಯೇ ಹಕ್ಕು ಕಿತ್ತುಕೊಳ್ಳೋಕೆ ಒಂದು ಆಧಾರ. ತಮಟೆಯವರನ್ನು ಕೇಳಿ, ಈ ರೂಢಿ ಅನ್ನೋ ಪದದ ಅರ್ಥ ಅವರಿಗೆ ಚೆನ್ನಾಗಿ ಗೊತ್ತು.

ತಮಟೆಯ ವಿಷಯದಲ್ಲಿ ಒಂದಿಷ್ಟು ಬದಲಾಗಿದೆ. ದಲಿತ ಚಳವಳಿಯ ಬಿಸಿಯಲ್ಲಿ, ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975) ಬಂದ ಆ ಕಾಲದಿಂದ, ಇದು ಜಾತಿ ಹೇರಿದ ಬಿಟ್ಟಿ ಚಾಕರಿ ಅಂತ ತಮಟೆ ಕೆಳಗಿಟ್ಟವರಿದ್ದಾರೆ. ಇದು ನಮ್ಮ ಕಲೆ ಅಂತ ವೇದಿಕೆ ಹತ್ತಿಸಿದವರೂ ಇದ್ದಾರೆ. ಇಬ್ಬರದ್ದೂ ಸರಿ ಅನ್ನೋದು ನನ್ನ ಅಭಿಪ್ರಾಯ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ಊರ ಹೆಸರು, ಸ್ವಂತ ಹೆಸರು ಎರಡೂ ಅಚ್ಚಾದವು, ರುದ್ರಪಟ್ಟಣದವರ ಹಾಗೆ.

ನಮ್ಮ ನಾಲ್ಕು ಊರುಗಳ ರಸಮಂಜರಿ ಪೋಸ್ಟರ್‌ಗಳಲ್ಲಿ ಮಾತ್ರ ಇನ್ನೂ ಗಾಯಕರ ಫೋಟೋ ಅಷ್ಟೇ. ಗಣಪತಿ ಹಬ್ಬದಲ್ಲಿ 'ಸಂತೋಷಕ್ಕೆ' ಶುರುವಾದ ಕೂಡಲೇ ಹುಡುಗರು ಎದ್ದು ಕುಣಿಯೋದು ರಿದಂ ಪ್ಯಾಡ್ ಬಾರಿಸುವವನ ಕೈಚಳಕಕ್ಕೆ. ಹೋದ ಸಲ ಕಾರ್ಯಕ್ರಮ ಮುಗಿದ ಮೇಲೆ ಅಂಥ ಒಬ್ಬರ ಹತ್ತಿರ ಹೋಗಿ ಹೆಸರು ಕೇಳಿದೆ. "ಯಾಕಣ್ಣ, ಏನಾದ್ರೂ ತೊಂದರೆ ಆಯ್ತಾ?" ಅಂದರು.

ಎಲ್ಲಿಂದ ಶುರು ಮಾಡೋದು

ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ, ಬಾಸ್ ಸದ್ದೇ ಬರಲ್ಲ. ಇಯರ್‌ಫೋನ್ ಬೇಕು. ಮೊದಲು 'ಕೋಲ್ಡ್ ಸ್ವೆಟ್' ಕೇಳಿ, ಒಂದು-ಎರಡು-ಮೂರು-ನಾಲ್ಕು ಎಣಿಸುತ್ತಾ. ಆಮೇಲೆ ಸ್ಲೈ ತಂಡದ 'ಥ್ಯಾಂಕ್ ಯೂ', ಲ್ಯಾರಿ ಗ್ರಹಾಂ ಹೆಬ್ಬೆರಳಿಗೋಸ್ಕರ. ಅಲ್ಲಿಂದ ನೇರ 'ಇಫ್ ಯು ಕಮ್ ಟುಡೇ'. ಆಗ ನಗು ಬರಲ್ಲ, ತಲೆ ತಾನೇ ಅಲ್ಲಾಡುತ್ತದೆ. ನಂತರ 'ಸಂತೋಷಕ್ಕೆ' ಎರಡು ಸಲ, ಎರಡನೇ ಸಲ ಗಾಯಕನನ್ನು ಬಿಟ್ಟು. ಕೊನೆಗೆ ಅಶ್ವತ್ಥ್ ಹಾಡಿದ ಶರೀಫರ ಪದಗಳು. ಸಾಧ್ಯವಾದರೆ ಸ್ಟುಡಿಯೋದ್ದಲ್ಲ, ಜನರ ಮುಂದೆ ಹಾಡಿದ ರೆಕಾರ್ಡಿಂಗ್ ಹುಡುಕಿ; ಅದರಲ್ಲಿ ಚಪ್ಪಾಳೆ ಎಷ್ಟನೇ ಮಾತ್ರೆಗೆ ಬೀಳುತ್ತದೆ ಅಂತ ಎಣಿಸಿ ನೋಡಿ.